ಹಣ ಮತ್ತು ಹುಟ್ಟು: ಎರಡು ಚರಾಂಶಗಳನ್ನು ಒಟ್ಟಿಗೆ ಓದುವುದು

ವಿಜ್ಞಾನ ತರಗತಿಯಲ್ಲಿ ಪ್ರಯೋಗ ವಿಧಾನವನ್ನು ಕಲಿಸುವಾಗ ನಾವು ಒಂದು ನಿಯಮವನ್ನು ಮತ್ತೆ ಮತ್ತೆ ಹೇಳುತ್ತೇವೆ: ಒಂದು ಸಲಕ್ಕೆ ಒಂದೇ ಚರಾಂಶವನ್ನು ಬದಲಿಸಿ, ಉಳಿದುದನ್ನು ಸ್ಥಿರವಾಗಿಡಿ. ಗಿಡಕ್ಕೆ ಹಾಕುವ ನೀರನ್ನು ಬದಲಿಸುತ್ತಿದ್ದರೆ ಬೆಳಕನ್ನು ಬದಲಿಸಬೇಡಿ. ಪ್ರಯೋಗಕ್ಕೆ ಈ ನಿಯಮ ಬೇಕೇಬೇಕು. ಆದರೆ ತೋಟದಲ್ಲಿ ನೀರೂ ಬೆಳಕೂ ಒಟ್ಟಿಗೇ ಕೆಲಸ ಮಾಡುತ್ತವೆ. ಬಿಸಿಲಿನಲ್ಲಿರುವ ಗಿಡಕ್ಕೆ ಒಂದು ತಂಬಿಗೆ ನೀರು ಹೆಚ್ಚು ಹಾಕಿದರೆ ಆಗುವ ಬೆಳವಣಿಗೆ, ಕತ್ತಲ ಮೂಲೆಯಲ್ಲಿರುವ ಗಿಡಕ್ಕೆ ಅಷ್ಟೇ ನೀರು ಹಾಕಿದರೆ ಆಗುವುದಿಲ್ಲ. ನೀರಿನ ಪ್ರಯೋಜನ ಎಷ್ಟು ಎಂಬುದನ್ನು ಬೆಳಕು ನಿರ್ಧರಿಸುತ್ತದೆ.

ಸಮಾಜದಲ್ಲಿ ಹಣ ಮತ್ತು ಹುಟ್ಟು ಹೀಗೆಯೇ ವರ್ತಿಸುತ್ತವೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಹುಟ್ಟು ಎಂದರೆ ಇಲ್ಲಿ ಜನಾಂಗ, ಮೈಬಣ್ಣ, ಮುಖಲಕ್ಷಣ, ಜಾತಿ, ಹೆಸರು, ಊರು, ಅಂದರೆ ನಾವು ಆರಿಸಿಕೊಳ್ಳದೆ ಬಂದ ಗುರುತುಗಳು. ಶಿಕ್ಷಕರ ಕೊಠಡಿಯಲ್ಲಿ ಈ ವಿಷಯ ಬಂದರೆ ಸಾಮಾನ್ಯವಾಗಿ ಎರಡು ವಾದಗಳು ಕೇಳಿಬರುತ್ತವೆ. ‘ಈ ಕಾಲದಲ್ಲಿ ಎಲ್ಲವೂ ದುಡ್ಡಿನ ಆಟ, ದುಡ್ಡಿದ್ದರೆ ಯಾರೂ ಜಾತಿ, ಬಣ್ಣ ಕೇಳುವುದಿಲ್ಲ’ ಎನ್ನುವುದು ಒಂದು. ‘ದುಡ್ಡು ಎಷ್ಟಿದ್ದರೂ ಜನ ನೋಡುವುದು ಹುಟ್ಟನ್ನೇ’ ಎನ್ನುವುದು ಇನ್ನೊಂದು. ಎರಡೂ ಒಂದೊಂದು ಚರಾಂಶವನ್ನು ಮಾತ್ರ ಬದಲಿಸಿ ನೋಡಿದ ಅರ್ಧ ಪ್ರಯೋಗಗಳು. ಕಳೆದ ಎರಡು ಅಭ್ಯಾಸ ಬೋಧನಾ ಅವಧಿಗಳಲ್ಲಿ ನಾನು ದಕ್ಷಿಣ ಬೆಂಗಳೂರಿನ ಎರಡು ಶಾಲೆಗಳಲ್ಲಿ ಪಾಠ ಮಾಡಿದೆ. ಅವುಗಳ ನಡುವೆ ಬಸ್ಸಿನಲ್ಲಿ ಹದಿನೈದು ನಿಮಿಷದ ದಾರಿ. ಅಲ್ಲಿ ಕಂಡದ್ದನ್ನೂ ಓದಿದ್ದನ್ನೂ ಸೇರಿಸಿ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಉಪಯೋಗವಾಗುವಂತೆ ಬರೆಯಲು ಪ್ರಯತ್ನಿಸಿದ್ದೇನೆ.

ಮೊದಲು ಪದಗಳ ಸ್ಪಷ್ಟನೆ

ಸಂವಿಧಾನದ 15ನೇ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಈ ಐದರ ಆಧಾರದ ಮೇಲೆ ಸರ್ಕಾರ ತಾರತಮ್ಯ ಮಾಡಬಾರದು ಎನ್ನುತ್ತದೆ. ಈ ಪಟ್ಟಿಯಲ್ಲಿ ಜನಾಂಗವೂ ಇದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಅದು ಅಮೆರಿಕದ ಅಥವಾ ದಕ್ಷಿಣ ಆಫ್ರಿಕಾದ ಸಮಸ್ಯೆ ಎಂದುಕೊಳ್ಳುತ್ತೇವೆ.

ಜೀವವಿಜ್ಞಾನದ ಪ್ರಕಾರ ಮನುಷ್ಯರನ್ನು ಕೆಲವೇ ಜನಾಂಗಗಳಾಗಿ ಒಡೆಯಲು ಆಧಾರವಿಲ್ಲ. 1972ರಲ್ಲಿ ರಿಚರ್ಡ್ ಲೆವಾಂಟಿನ್ ಎಂಬ ತಳಿವಿಜ್ಞಾನಿ ರಕ್ತದ ಗುಂಪು ಮತ್ತು ಪ್ರೋಟೀನುಗಳ ವ್ಯತ್ಯಾಸಗಳನ್ನು ಲೆಕ್ಕ ಹಾಕಿದರು. ಒಟ್ಟು ವ್ಯತ್ಯಾಸದ ಸುಮಾರು 85 ಶೇಕಡಾ ಒಂದೇ ಸಮುದಾಯದ ವ್ಯಕ್ತಿಗಳ ನಡುವೆಯೇ ಇತ್ತು. ನಾವು ಜನಾಂಗಗಳು ಎಂದು ಕರೆಯುವ ದೊಡ್ಡ ಗುಂಪುಗಳ ನಡುವೆ ಇದ್ದದ್ದು ಸುಮಾರು 6 ಶೇಕಡಾ ಮಾತ್ರ. ಮೈಬಣ್ಣದ ವಿಷಯವೂ ಹಾಗೆಯೇ. ಬಣ್ಣ ತಯಾರಿಸುವ ಚರ್ಮದ ಕೋಶಗಳ ಸಂಖ್ಯೆ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ ಎಷ್ಟು, ಯಾವ ಬಗೆಯದು ಎಂಬುದರಲ್ಲಿ ವ್ಯತ್ಯಾಸ. ತಲೆಮಾರುಗಳ ಕಾಲ ಪೂರ್ವಜರು ಬಾಳಿದ ನೆಲದ ಬಿಸಿಲು ಅದಕ್ಕೆ ಮುಖ್ಯ ಕಾರಣ. ಬುದ್ಧಿ, ಪ್ರಾಮಾಣಿಕತೆ, ಶುಚಿತ್ವಗಳಿಗೂ ಮೆಲನಿನ್‌ಗೂ ಸಂಬಂಧವಿಲ್ಲ.

ಹಾಗಾದರೆ ಜನಾಂಗ ಎಂಬುದು ಸುಳ್ಳೇ? ಜೈವಿಕ ವಿಭಾಗವಾಗಿ ಸುಳ್ಳು, ಸಾಮಾಜಿಕ ವ್ಯವಹಾರವಾಗಿ ನಿಜ. ಮುಖ ನೋಡಿ ಬಾಡಿಗೆ ನಿರಾಕರಿಸಿದರೆ ಆ ನಿರಾಕರಣೆ ನಿಜ. ನಮ್ಮಲ್ಲಿ ಇದರ ಜೊತೆಗೆ ಜಾತಿ ಇದೆ. ಜಾತಿಯೂ ಜನಾಂಗವೂ ಒಂದೇ ಅಲ್ಲ. ಡಾ. ಬಿ. ಆರ್. ಅಂಬೇಡ್ಕರ್ ಅವರು 1936ರ ‘ಜಾತಿ ವಿನಾಶ’ ಪ್ರಬಂಧದಲ್ಲಿಯೇ ಜಾತಿ ಜನಾಂಗೀಯ ವಿಭಜನೆಯಲ್ಲ ಎಂದು ವಾದಿಸಿದ್ದರು. ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಒಂದೇ ಮೂಲದವರು ಎಂಬುದು ಅವರ ಉದಾಹರಣೆ. ಜನಾಂಗ ಮುಖದಲ್ಲಿ ಕಾಣುತ್ತದೆ ಎಂದು ಜನ ನಂಬುತ್ತಾರೆ. ಜಾತಿಯನ್ನು ಹೆಸರು, ಊಟ, ಮಾತಿನ ಧಾಟಿಯಿಂದ ಹುಡುಕುತ್ತಾರೆ. ಆದರೆ ತರಗತಿಯಲ್ಲಿ ಎರಡರ ಕೆಲಸವೂ ಒಂದೇ ಬಗೆಯದು. ಮಗು ಬಾಯಿ ತೆರೆಯುವ ಮೊದಲೇ ಅದರ ಬಗ್ಗೆ ತೀರ್ಮಾನ ಆಗಿಬಿಟ್ಟಿರುತ್ತದೆ. ಆ ತೀರ್ಮಾನವೇ ಪೂರ್ವಗ್ರಹ. ಅದೇ ತೀರ್ಮಾನ ನಮ್ಮ ಪರವಾಗಿದ್ದರೆ ಸಿಗುವುದು ಅನುಕೂಲ. ಪರವಾಗಿರುವಾಗ ಅದು ನಮಗೆ ಕಾಣುವುದೇ ಇಲ್ಲ. ಗಾಳಿ ಬೆನ್ನಿಗಿದ್ದಾಗ ಸೈಕಲ್ ಹಗುರವಾಗಿದೆ ಅನ್ನಿಸುತ್ತದೆ ಅಷ್ಟೆ.

ಆದಾಯ ಬೇರೆ, ಸಂಪತ್ತು ಬೇರೆ

ಎರಡನೆಯ ಚರಾಂಶ ಹಣ. ಇಲ್ಲಿಯೂ ಒಂದು ವ್ಯತ್ಯಾಸ ಮುಖ್ಯ. ತಿಂಗಳಿಗೆ ಬರುವುದು ಆದಾಯ. ಕೂಡಿ ನಿಂತಿರುವುದು ಸಂಪತ್ತು. ಆದಾಯ ಒಂದು ಕಾಯಿಲೆಗೆ ನಿಂತುಹೋಗಬಹುದು. ಸಂಪತ್ತು ಮಕ್ಕಳಿಗೆ ದಾಟುತ್ತದೆ.

ಇದನ್ನು ಅರಿಯಲು ನಮ್ಮ ಬಡಾವಣೆಗಳೇ ಪಠ್ಯ. ಜಯನಗರಕ್ಕೆ 1948ರಲ್ಲಿ ಸಿ. ರಾಜಗೋಪಾಲಾಚಾರಿಯವರು ಅಡಿಗಲ್ಲು ಹಾಕಿದರು. ಅಳತೆ ಮಾಡಿದ ಅಡ್ಡರಸ್ತೆ, ಮುಖ್ಯರಸ್ತೆ, ಉದ್ಯಾನ, ವಾಣಿಜ್ಯ ಸಂಕೀರ್ಣ ಇವೆಲ್ಲ ಯೋಜನೆಯಂತೆ ಬಂದವು. ಮೊದಲು ನಗರ ಸುಧಾರಣಾ ಮಂಡಳಿ, 1976ರಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಿವೇಶನಗಳನ್ನು ಹಂಚಿದವು. ಅರ್ಜಿ ಹಾಕಲು ತಿಳಿದವರಿಗೆ, ಕಂತು ಕಟ್ಟಲು ಸಂಬಳ ಇದ್ದವರಿಗೆ, ಕಚೇರಿಯಲ್ಲಿ ಮಾತಾಡಲು ಬರುವವರಿಗೆ ನಿವೇಶನ ಪಡೆಯುವುದು ಸುಲಭವಾಗಿತ್ತು. ಓದು, ಸರ್ಕಾರಿ ನೌಕರಿ, ಕಚೇರಿಯ ಪರಿಚಯಗಳು ಆಗ ಎಲ್ಲ ಜಾತಿಗಳಿಗೂ ಸಮನಾಗಿ ಹಂಚಿರಲಿಲ್ಲ. ಅಂದು ಸಂಬಳದಲ್ಲಿ ಕೊಂಡ ನಿವೇಶನ ಇಂದು ಕೋಟಿಗಳ ಲೆಕ್ಕದ ಆಸ್ತಿ. ಮೊಮ್ಮಗಳ ಕಾಲೇಜು ಶುಲ್ಕಕ್ಕೆ, ವಿದೇಶದ ಓದಿಗೆ ಅದೇ ಆಧಾರ. ಆ ಮೊಮ್ಮಗಳು ಯಾರ ಮೇಲೂ ಪೂರ್ವಗ್ರಹ ಇಲ್ಲದ ಒಳ್ಳೆಯ ಹುಡುಗಿಯೇ ಇರಬಹುದು. ಆದರೂ ಅಜ್ಜನ ಕಾಲದ ಅಸಮಾನತೆ ಆಸ್ತಿಯ ರೂಪದಲ್ಲಿ ಅವಳ ಕೈ ಸೇರಿರುತ್ತದೆ. ಹುಟ್ಟು ಹಣವಾಗಿ ಬದಲಾಗುವ ದಾರಿ ಇದು.

ಬಡಾವಣೆಗಳ ನಡುವೆ ಹಳೆಯ ಹಳ್ಳಿಗಳು ಇನ್ನೂ ಇವೆ. ಬಿಟಿಎಂ ಎಂಬ ಹೆಸರೇ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರ. ಜೆ.ಪಿ. ನಗರದ ಪಕ್ಕ ಸಾರಕ್ಕಿ, ಪುಟ್ಟೇನಹಳ್ಳಿ. ಬನಶಂಕರಿಯ ಪಕ್ಕ ಕತ್ತರಿಗುಪ್ಪೆ. ಅಗಲವಾದ ರಸ್ತೆಯಿಂದ ಹಳ್ಳಿಯ ಓಣಿಗೆ ತಿರುಗಿದರೆ ಒಂಟಿ ಕೋಣೆಯ ಬಾಡಿಗೆ ಮನೆಗಳು ಸಿಗುತ್ತವೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ನೇಪಾಳ, ಅಸ್ಸಾಂ, ಒಡಿಶಾ, ಬಿಹಾರದಿಂದ ಕಾವಲು, ಹೋಟೆಲ್, ಬ್ಯೂಟಿ ಪಾರ್ಲರ್ ಕೆಲಸಕ್ಕೆ ಬಂದವರು ಅಲ್ಲಿದ್ದಾರೆ. ಅವರ ಮಕ್ಕಳೇ ನಮ್ಮ ಸರ್ಕಾರಿ ಶಾಲೆಗಳ ಮಕ್ಕಳು.

ನಾಲ್ಕು ಮನೆಗಳ ಕೋಷ್ಟಕ

ಎರಡು ಚರಾಂಶ, ಪ್ರತಿಯೊಂದಕ್ಕೂ ಎರಡು ಸ್ಥಿತಿ ಎಂದಾದರೆ ನಾಲ್ಕು ಮನೆಗಳ ಕೋಷ್ಟಕ ಸಿಗುತ್ತದೆ.

ಅ: ಹಣವಿದೆ, ಸುತ್ತಲಿನವರು ‘ನಮ್ಮವರು’ ಎನ್ನುವ ಹುಟ್ಟು.
ಆ: ಹಣವಿದೆ, ‘ಹೊರಗಿನವರು’ ಎನ್ನಿಸುವ ಹುಟ್ಟು.
ಇ: ಹಣವಿಲ್ಲ, ‘ನಮ್ಮವರು’ ಎನ್ನುವ ಹುಟ್ಟು.
ಈ: ಹಣವಿಲ್ಲ, ‘ಹೊರಗಿನವರು’ ಎನ್ನಿಸುವ ಹುಟ್ಟು.

ಜಯನಗರದಲ್ಲಿ ಬಾಡಿಗೆ ಮನೆ ಹುಡುಕುವ ಸಂದರ್ಭವನ್ನು ಈ ನಾಲ್ಕಕ್ಕೂ ಅನ್ವಯಿಸಿ ನೋಡಬಹುದು. ‘ಅ’ಗೆ ಕೇಳುವ ಪ್ರಶ್ನೆ ಮುಂಗಡ ಎಷ್ಟು ಕೊಡುತ್ತೀರಿ ಎಂಬುದು. ‘ಇ’ಗೂ ಅದೇ ಪ್ರಶ್ನೆ, ಹಣ ಸಾಲದೆ ಹಿಂದಿರುಗುತ್ತಾರೆ, ಆದರೆ ಅವಮಾನವಾಗುವುದು ಕಡಿಮೆ, ಕೆಲವೊಮ್ಮೆ ‘ನಮ್ಮ ಕಡೆಯವರು’ ಎಂದು ಸ್ವಲ್ಪ ರಿಯಾಯಿತಿಯೂ ಸಿಗುತ್ತದೆ. ‘ಆ’ಗೆ ಮೊದಲ ಪ್ರಶ್ನೆಯೇ ಬೇರೆ: ಏನು ಊಟ ಮಾಡುತ್ತೀರಿ, ಯಾವ ಜನ, ಎಲ್ಲಿಯವರು. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕ ಮೇಲ್ನೋಟಕ್ಕೆ ಊಟದ ಮಾತು, ಒಳಗೆ ಹಲವು ಸಲ ಹುಟ್ಟಿನ ಮಾತು. ಆದರೂ ‘ಆ’ಗೆ ಒಂದು ದಾರಿ ಉಳಿದಿದೆ: ಹೆಚ್ಚು ಬಾಡಿಗೆ ಕೊಟ್ಟು ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಕ್ಕೆ ಹೋಗಬಹುದು. ಅಂದರೆ ಅದೇ ಚದರಡಿಗೆ ‘ಅ’ಗಿಂತ ಹೆಚ್ಚು ಬೆಲೆ ತೆರುತ್ತಾರೆ. ‘ಈ’ಗೆ ಆ ದಾರಿಯೂ ಇಲ್ಲ. ಯಾರು ಪ್ರಶ್ನೆ ಕೇಳದೆ ಕೊಡುತ್ತಾರೋ ಆ ಕೋಣೆಗೆ, ಅವರು ಹೇಳಿದ ಷರತ್ತಿಗೆ ಒಪ್ಪಬೇಕು.

ಇಲ್ಲಿಂದ ಎರಡು ವಾಕ್ಯಗಳನ್ನು ಬರೆದುಕೊಳ್ಳಬಹುದು. ಹುಟ್ಟು, ಹಣದ ಕೊಳ್ಳುವ ಶಕ್ತಿಯನ್ನು ಬದಲಿಸುತ್ತದೆ. ಹಣ, ಹುಟ್ಟಿನಿಂದಾಗುವ ಪೆಟ್ಟಿನ ಆಳವನ್ನು ಬದಲಿಸುತ್ತದೆ. ಗಿಡದ ನೀರು ಮತ್ತು ಬೆಳಕಿನ ಸಂಬಂಧವೇ ಇದು.

ಒಂದೇ ಪದ, ಎರಡು ಶಾಲೆ

ಎರಡು ಶಾಲೆಗಳಲ್ಲಿ ನಾನು ಕಂಡದ್ದನ್ನು ಈ ಕೋಷ್ಟಕದಲ್ಲಿ ಇಟ್ಟು ನೋಡುತ್ತೇನೆ. ಮೊದಲನೆಯದು ಸರ್ಕಾರಿ ಪ್ರೌಢಶಾಲೆ. ಎಂಟನೇ ತರಗತಿಯಲ್ಲಿ ಈಶಾನ್ಯ ರಾಜ್ಯದ ಒಬ್ಬ ಹುಡುಗಿ ಇದ್ದಳು. ತಂದೆ ರಾತ್ರಿ ಪಾಳಿಯ ಕಾವಲುಗಾರ. ಕನ್ನಡ ಚೆನ್ನಾಗಿಯೇ ಆಡುತ್ತಿದ್ದಳು. ಆದರೂ ಹಿಂದಿನ ಬೆಂಚಿನವರು ಅವಳನ್ನು ‘ಚೈನೀಸ್’ ಎಂದು ಕರೆಯುತ್ತಿದ್ದರು. ಎರಡನೆಯದು ಖಾಸಗಿ ಶಾಲೆ. ಒಂಬತ್ತನೇ ತರಗತಿಯಲ್ಲಿ ಅಂಥದೇ ಮುಖಲಕ್ಷಣದ ಒಬ್ಬ ಹುಡುಗ. ತಂದೆ ತಾಯಿ ಇಬ್ಬರೂ ಸಾಫ್ಟ್‌ವೇರ್ ಕೆಲಸದವರು. ಅವನಿಗೂ ಅದೇ ಹೆಸರು ಬಿದ್ದಿತ್ತು.

ಪದ ಬೀಳುವುದನ್ನು ಹಣ ತಡೆಯಲಿಲ್ಲ ಎಂಬುದು ಮೊದಲ ಅಂಶ. ಮುಂದೆ ನಡೆದದ್ದರಲ್ಲಿ ವ್ಯತ್ಯಾಸವಿತ್ತು. ಖಾಸಗಿ ಶಾಲೆಯ ಹುಡುಗನ ತಾಯಿ ಅಂದು ರಾತ್ರಿಯೇ ಶಾಲೆಗೆ ಇಮೇಲ್ ಬರೆದರು. ಎರಡು ದಿನದಲ್ಲಿ ಸಂಯೋಜಕರು ತರಗತಿಗೆ ಬಂದು ಮಾತಾಡಿದರು, ಆಪ್ತಸಮಾಲೋಚಕರು ಹುಡುಗನನ್ನು ಕರೆದು ಕೇಳಿದರು, ಕರೆದವರ ಪೋಷಕರಿಗೆ ತಿಳಿಸಲಾಯಿತು. ಸರ್ಕಾರಿ ಶಾಲೆಯ ಹುಡುಗಿಯ ತಂದೆ ಪೋಷಕರ ಸಭೆಗೆ ಬಂದಿರಲಿಲ್ಲ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ರಾತ್ರಿ ಪಾಳಿ ಮುಗಿಸಿದವರು ಮಲಗುವ ಹೊತ್ತು. ತಾಯಿ ಮನೆಗೆಲಸಕ್ಕೆ ಹೋಗಿರುತ್ತಿದ್ದರು. ಹುಡುಗಿ ಕಿಟಕಿಯ ಪಕ್ಕದ ಬೆಂಚಿಗೆ ತಾನೇ ಜಾಗ ಬದಲಿಸಿಕೊಂಡಳು. ಅವಳ ಮಟ್ಟಿಗೆ ಅದೇ ಪರಿಹಾರ. ಅಲ್ಲಿನ ಶಿಕ್ಷಕರು ನಿರ್ಲಕ್ಷಿಸಿದರು ಎಂದು ಹೇಳುವುದು ನ್ಯಾಯವಲ್ಲ. ಅರವತ್ತು ಮಕ್ಕಳಿಗೆ ಒಬ್ಬರು, ಆಪ್ತಸಮಾಲೋಚಕರ ಹುದ್ದೆಯೇ ಇಲ್ಲ. ದೂರು ಕೊಡಲು ಬೇಕಾದ ಸಮಯ, ಭಾಷೆ, ಧೈರ್ಯ, ಕೇಳಿಸಿಕೊಳ್ಳುವ ಕಿವಿ ಇವೆಲ್ಲ ಒಂದು ಬಗೆಯ ಸಂಪತ್ತು.

ರಸ್ತೆಯಲ್ಲಿ ಕಂಡ ಸಾಕ್ಷ್ಯಗಳು

ಶಾಲೆಯ ಹೊರಗೆ ಇದೇ ವಿಷಯ ಜೀವ ಹೋಗುವಷ್ಟು ಗಂಭೀರವಾಗಬಹುದು. 2012ರ ಆಗಸ್ಟ್‌ನಲ್ಲಿ ಈಶಾನ್ಯದವರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಎಸ್ಸೆಮ್ಮೆಸ್‌ಗಳಲ್ಲಿ ಹರಡಿತು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ರೈಲ್ವೆ ಇಲಾಖೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ವದಂತಿ ಸುಳ್ಳಾಗಿತ್ತು. ಆದರೆ ಅದನ್ನು ನಂಬುವಂತೆ ಮಾಡಿದ ದಿನನಿತ್ಯದ ಅನುಭವ ಸುಳ್ಳಲ್ಲ. ಕಾಯಂ ನೌಕರಿ ಇದ್ದವರು ರಜೆ ಹಾಕಿ ಹೋಗಿ ಬರಬಹುದಿತ್ತು. ದಿನಗೂಲಿಯ, ಹೋಟೆಲಿನ ಕೆಲಸದವರಿಗೆ ಊರು ಬಿಡುವುದೆಂದರೆ ಕೆಲಸ ಬಿಡುವುದೇ ಆಗಿತ್ತು.

2016ರ ಜನವರಿ 31ರ ರಾತ್ರಿ ನಗರದ ಉತ್ತರ ಹೊರವಲಯದಲ್ಲಿ ಸುಡಾನ್ ದೇಶದ ಒಬ್ಬ ವಿದ್ಯಾರ್ಥಿಯ ಕಾರು ಡಿಕ್ಕಿ ಹೊಡೆದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು, ಕಾರನ್ನು ಸುಟ್ಟಿತು. ಅಪಘಾತಕ್ಕೂ ಆಕೆಗೂ ಸಂಬಂಧವೇ ಇರಲಿಲ್ಲ. ದೇಶ ಬೇರೆ, ವ್ಯಕ್ತಿ ಬೇರೆ. ಗುಂಪಿಗೆ ಚರ್ಮದ ಬಣ್ಣ ಒಂದೇ ಸಾಕಾಯಿತು. ಶುಲ್ಕ ಕಟ್ಟಿ ಓದಲು ಬಂದ, ಕಾರಿನಲ್ಲಿ ಓಡಾಡುವಷ್ಟು ಅನುಕೂಲವಿದ್ದವರಿಗೂ ಆ ಕ್ಷಣದಲ್ಲಿ ಹಣ ಗುರಾಣಿಯಾಗಲಿಲ್ಲ. ಅದೇ ನಗರದಲ್ಲಿ ಯುರೋಪಿನಿಂದ ಬಂದ ಬಿಳಿಯ ವಿದ್ಯಾರ್ಥಿಗೆ ಅಂಗಡಿಯಲ್ಲಿ, ಬಾಡಿಗೆ ಮನೆಯಲ್ಲಿ ಸಿಗುವ ಸ್ವಾಗತವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇಬ್ಬರೂ ವಿದೇಶಿಯರೇ.

ದೆಹಲಿಯ ಲಾಜಪತ್ ನಗರದಲ್ಲಿ 2014ರ ಜನವರಿಯಲ್ಲಿ ನೀಡೊ ತಾನಿಯಾ ಎಂಬ ವಿದ್ಯಾರ್ಥಿಯ ರೂಪವನ್ನು ಹೀಯಾಳಿಸಿದ್ದರಿಂದ ಶುರುವಾದ ಜಗಳ ಹಲ್ಲೆಗೆ ತಿರುಗಿ ಅವರು ಮರುದಿನ ತೀರಿಕೊಂಡರು. ಅವರು ಅರುಣಾಚಲ ಪ್ರದೇಶದ ಶಾಸಕರೊಬ್ಬರ ಮಗ. ರಸ್ತೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಇಡೀ ದೇಶ ಮಾತಾಡಿತು, ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿಯನ್ನು ನೇಮಿಸಿತು. ಪೆಟ್ಟು ಬೀಳುವಾಗ ಹುಟ್ಟು ಮಾತ್ರ ಕಾಣಿಸಿತು; ನ್ಯಾಯ ಕೇಳುವಾಗ ಕುಟುಂಬದ ಸ್ಥಾನವೂ ಧ್ವನಿ ಕೊಟ್ಟಿತು. ಹೀಯಾಳಿಕೆಗೆ ಗುರಿಯಾಗಿ ಸುದ್ದಿಯಾಗದೆ ಹೋದ ಕಾವಲುಗಾರರು, ಪಾರ್ಲರ್ ಕೆಲಸದವರು ಎಷ್ಟೋ.

‘ಹೊರಗಿನವರು’ ಎಂಬ ಪದವನ್ನೂ ಪರೀಕ್ಷಿಸಬೇಕು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಭಾಗದ ಸಿದ್ದಿಗಳು ತಲೆಮಾರುಗಳಿಂದ ಈ ನೆಲದವರು. ಅವರ ಪೂರ್ವಜರು ಆಫ್ರಿಕಾದಿಂದ, ಬಹಳಷ್ಟು ಜನ ಗುಲಾಮರಾಗಿ, ಇಲ್ಲಿಗೆ ಬಂದವರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶಿತರಾದರು. ಕೊಂಕಣಿಯೊಂದಿಗೆ ಕನ್ನಡವನ್ನೂ ಆಡುತ್ತಾ ಬೆಳೆದ ಸಿದ್ದಿ ಯುವಕನನ್ನು ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡಿಸಿ ಯಾವ ದೇಶ ಎಂದು ಕೇಳುವವರಿದ್ದಾರೆ. ಕನ್ನಡಿಗನ ಮುಖ ಹೇಗಿರಬೇಕು ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಅದನ್ನು ನಾವು ಎಂದೂ ಪರಿಶೀಲಿಸಿಲ್ಲ.

ಅಳೆದು ನೋಡಿದವರು

ಇವೆಲ್ಲ ಬಿಡಿ ಘಟನೆಗಳು, ಇವುಗಳಿಂದ ನಿಯಮ ಹೇಳಬಹುದೇ ಎಂಬ ಪ್ರಶ್ನೆ ಸಹಜ. ಸಂಶೋಧಕರು ಇದನ್ನು ಪ್ರಯೋಗವಾಗಿಯೇ ಮಾಡಿದ್ದಾರೆ. ಅಮೆರಿಕದ ಬಾಸ್ಟನ್ ಮತ್ತು ಷಿಕಾಗೊ ನಗರಗಳಲ್ಲಿ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಥಿಲ್ ಮುಲ್ಲೈನಾಥನ್ ಸುಮಾರು ಐದು ಸಾವಿರ ಕಾಲ್ಪನಿಕ ಉದ್ಯೋಗ ಅರ್ಜಿಗಳನ್ನು ಕಳುಹಿಸಿದರು. ಅರ್ಹತೆಗಳು ಸಮ, ಬದಲಾದದ್ದು ಹೆಸರು. ಬಿಳಿಯರದು ಎನ್ನಿಸುವ ಹೆಸರಿಗೆ ಸುಮಾರು ಹತ್ತು ಅರ್ಜಿಗೆ ಒಂದು ಕರೆ ಬಂದರೆ, ಕಪ್ಪು ಜನರದು ಎನ್ನಿಸುವ ಹೆಸರಿಗೆ ಸುಮಾರು ಹದಿನೈದಕ್ಕೆ ಒಂದು. 2004ರಲ್ಲಿ ಪ್ರಕಟವಾದ ಈ ಅಧ್ಯಯನದ ಇನ್ನೊಂದು ಫಲಿತಾಂಶ ನಮ್ಮ ವಿಷಯಕ್ಕೆ ಇನ್ನೂ ಮುಖ್ಯ. ಹೆಚ್ಚು ಅನುಭವ, ಹೆಚ್ಚು ಕೌಶಲ ಸೇರಿಸಿ ಅರ್ಜಿಯನ್ನು ಉತ್ತಮಪಡಿಸಿದಾಗ ಬಿಳಿಯ ಹೆಸರಿಗೆ ಕರೆಗಳು ಸುಮಾರು 30 ಶೇಕಡಾ ಹೆಚ್ಚಿದವು. ಕಪ್ಪು ಹೆಸರಿಗೆ ಆದ ಲಾಭ ಅದಕ್ಕಿಂತ ತುಂಬಾ ಕಡಿಮೆ. ಅದೇ ನೀರು, ನೆರಳಿನಲ್ಲಿರುವ ಗಿಡ.

ಭಾರತದಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಇದೇ ವಿಧಾನದಲ್ಲಿ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಅರ್ಜಿ ಕಳುಹಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಮಾನ ಅರ್ಹತೆಯಿದ್ದರೂ, ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಂಭವಕ್ಕೆ ಹೋಲಿಸಿದರೆ ದಲಿತ ಹೆಸರಿಗೆ ಅದರ ಸುಮಾರು ಮೂರನೇ ಎರಡು ಭಾಗ, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದು ಭಾಗ. ಓದಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ಮಕ್ಕಳಿಗೆ ಹೇಳುವ ನಾವು ಈ ಅಂಕಿಗಳನ್ನು ತಿಳಿದು ಹೇಳಬೇಕು. ಓದು ಅಗತ್ಯ. ಎಲ್ಲರಿಗೂ ಓದಿನ ಫಲ ಒಂದೇ ದರದಲ್ಲಿ ಸಿಗುವುದಿಲ್ಲ.

ಶಿಕ್ಷಕರ ಕೈಯಲ್ಲಿರುವ ಭಾಗ

ತರಗತಿಯೊಳಗಿನ ಮೂರು ಅಧ್ಯಯನಗಳನ್ನು ಪ್ರಶಿಕ್ಷಣಾರ್ಥಿಗಳು ತಿಳಿದಿರಬೇಕು.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಗ್ರಾಮೀಣ ಭಾಗದಲ್ಲಿ ಆರು, ಏಳನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಜಾತಿ ಪ್ರಸ್ತಾಪಿಸದೆ ಇದ್ದಾಗ ಮೇಲ್ಜಾತಿ, ಕೆಳಜಾತಿಯ ಹುಡುಗರ ಸಾಧನೆಯಲ್ಲಿ ವ್ಯತ್ಯಾಸವಿರಲಿಲ್ಲ. ಎಲ್ಲರೆದುರು ಜಾತಿಯನ್ನು ಓದಿ ಹೇಳಿದ ಮೇಲೆ ಕೆಳಜಾತಿಯ ಹುಡುಗರ ಸಾಧನೆ ಕುಸಿಯಿತು. ಅದೇ ಮಗು, ಅದೇ ಒಗಟು. ಈಗ ‘ವಿದ್ಯಾರ್ಥಿವೇತನದ ಅರ್ಜಿ ಬಂದಿದೆ, ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ’ ಎಂಬ ಪರಿಚಿತ ವಾಕ್ಯವನ್ನು ನೆನಪಿಸಿಕೊಳ್ಳಿ. ಹಣದ ನೆರವು ಕೊಡುವ ಕ್ಷಣದಲ್ಲೇ ಹುಟ್ಟನ್ನು ಸಾರುವ ಪದ್ಧತಿ ಇದು. ಪರೀಕ್ಷೆಯ ಬೆಳಿಗ್ಗೆ ಶುಲ್ಕ ಬಾಕಿಯವರ ಪಟ್ಟಿ ಓದುವುದೂ ಇದೇ ಜಾತಿಗೆ ಸೇರಿದ್ದು.

ರೀಮಾ ಹನ್ನಾ ಮತ್ತು ಲೀ ಲಿಂಡನ್ ನಿಜವಾದ ಉತ್ತರಪತ್ರಿಕೆಗಳ ಮೇಲೆ ಮಗುವಿನ ಜಾತಿ, ಲಿಂಗ, ವಯಸ್ಸನ್ನು ಯಾದೃಚ್ಛಿಕವಾಗಿ ಬರೆದು ಭಾರತದ ಶಿಕ್ಷಕರಿಂದ ಮೌಲ್ಯಮಾಪನ ಮಾಡಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕೆಳಜಾತಿ ಎಂದು ಬರೆದಿದ್ದ ಪತ್ರಿಕೆಗೆ ಅಂಕ ಕಡಿಮೆ ಬಂತು. ವ್ಯತ್ಯಾಸ ಸಣ್ಣದು. ಆದರೆ ಅದೇ ಮಗುವಿಗೆ ಹತ್ತು ವರ್ಷ, ಪ್ರತಿ ಪರೀಕ್ಷೆಯಲ್ಲಿ ಅದು ಸೇರುತ್ತಾ ಹೋಗುತ್ತದೆ.

ಮೂರನೆಯದು ಭರವಸೆಯದು. ದೆಹಲಿಯ ಶ್ರೀಮಂತ ಖಾಸಗಿ ಶಾಲೆಗಳು ಬಡ ಮಕ್ಕಳನ್ನು ಸೇರಿಸಿಕೊಳ್ಳಲೇಬೇಕಾದ ಮೇಲೆ ಏನಾಯಿತು ಎಂದು ಗೌತಮ್ ರಾವ್ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ, ಬಡ ಸಹಪಾಠಿಗಳ ಜೊತೆ ಓದಿದ್ದ ಶ್ರೀಮಂತ ಮಕ್ಕಳು ವೇಗವಾಗಿ ಓಡುವ ಬಡ ಮಗುವನ್ನು ಬಿಟ್ಟುಬಿಡುವುದು ಕಡಿಮೆಯಾಗಿತ್ತು. ಅವರ ಉದಾರತೆ ಹೆಚ್ಚಿತ್ತು. ಒಟ್ಟಾರೆ ಕಲಿಕೆಗೆ ಹೇಳಿಕೊಳ್ಳುವಂಥ ಧಕ್ಕೆ ಆಗಿರಲಿಲ್ಲ. ಅಂದರೆ ಒಂದೇ ಬೆಂಚಿನಲ್ಲಿ ಕೂರುವುದು ಕೆಲಸ ಮಾಡುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಸೆಕ್ಷನ್ ಖಾಸಗಿ ಶಾಲೆಗಳ ಆರಂಭಿಕ ತರಗತಿಯಲ್ಲಿ 25 ಶೇಕಡಾ ಸೀಟುಗಳನ್ನು ದುರ್ಬಲ ಮತ್ತು ಹಿಂದುಳಿದ ವರ್ಗಗಳಿಗೆ ಮೀಸಲಿಟ್ಟದ್ದು ಇದೇ ಆಶಯದಿಂದ. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿ ನಿಯಮ ತಿದ್ದುಪಡಿಯಾಗಿ, 2019-20ರಿಂದ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಸಿಗುವುದಿಲ್ಲ. ಸರ್ಕಾರಿ ಶಾಲೆ ಉಳಿಯಬೇಕೆಂಬ ವಾದಕ್ಕೆ ತೂಕವಿದೆ. ಆದರೆ ಹದಿನೈದು ನಿಮಿಷದ ದೂರದಲ್ಲಿರುವ ನನ್ನ ಎರಡು ಶಾಲೆಗಳ ಮಕ್ಕಳು ಒಬ್ಬರನ್ನೊಬ್ಬರು ಭೇಟಿಯಾಗುವ ಒಂದು ದಾರಿ ಕಿರಿದಾಯಿತು ಎಂಬುದೂ ನಿಜ.

ಒಂದು ಅವಧಿಯ ಪಾಠಯೋಜನೆ

ಎರಡೂ ಶಾಲೆಗಳಲ್ಲಿ ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು ನಾನು ಮಾಡಿದ ನಲವತ್ತು ನಿಮಿಷದ ಪಾಠದ ಹಂತಗಳು ಹೀಗಿವೆ.

1. ಎರಡು ಕುಂಡಗಳ ಚಿತ್ರದಿಂದ ನೀರು ಮತ್ತು ಬೆಳಕಿನ ಜಂಟಿ ಪರಿಣಾಮ (8 ನಿಮಿಷ).
2. ಮೆಲನಿನ್ ಮತ್ತು ಬಿಸಿಲು: ಮೈಬಣ್ಣ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ (10 ನಿಮಿಷ).
3. ಅ, ಆ, ಇ, ಈ ಎಂಬ ನಾಲ್ಕು ಕಾಲ್ಪನಿಕ ಪಾತ್ರಗಳ ಚೀಟಿ. ಬಾಡಿಗೆ ಮನೆ, ಅಂಗಡಿ, ಕಳೆದುಹೋದ ಮೊಬೈಲ್, ಶಾಲೆಗೆ ದೂರು ಎಂಬ ನಾಲ್ಕು ಸಂದರ್ಭ. ಯಾರಿಗೆ ಏನಾಗಬಹುದು ಎಂದು ಗುಂಪಿನಲ್ಲಿ ಚರ್ಚೆ (15 ನಿಮಿಷ).
4. ಯಾವ ಹಂತದಲ್ಲಿ ಯಾರು ಏನು ಮಾಡಿದ್ದರೆ ಫಲಿತಾಂಶ ಬದಲಾಗುತ್ತಿತ್ತು ಎಂದು ಒಂದು ವಾಕ್ಯ ಬರೆಯುವುದು (7 ನಿಮಿಷ).

ತರಗತಿಯ ಯಾವ ಮಗುವನ್ನೂ ಉದಾಹರಣೆಯಾಗಿ ಬಳಸಬಾರದು, ‘ನಿನ್ನ ಅನುಭವ ಹೇಳು’ ಎಂದು ಒತ್ತಾಯಿಸಬಾರದು. ಪಾತ್ರಗಳು ಕಾಗದದ ಮೇಲೆಯೇ ಇರಲಿ.

ಕಳೆದುಹೋದ ಮೊಬೈಲ್‌ನ ಚರ್ಚೆಯಲ್ಲಿ ಎರಡೂ ಶಾಲೆಗಳ ಮಕ್ಕಳು ಮೊದಲು ಅನುಮಾನ ಬೀಳುವುದು ‘ಈ’ ಮೇಲೆ ಎಂದರು. ಕಾರಣಗಳಲ್ಲಿ ವ್ಯತ್ಯಾಸವಿತ್ತು. ಖಾಸಗಿ ಶಾಲೆಯ ಒಂದು ಗುಂಪು ‘ಅವನಿಗೆ ಮೊಬೈಲ್ ಬೇಕಾಗಿರುತ್ತದೆ’ ಎಂದು ಬರೆದಿತ್ತು. ಸರ್ಕಾರಿ ಶಾಲೆಯ ಒಂದು ಗುಂಪು ‘ಅವನ ಪರವಾಗಿ ಮಾತಾಡಲು ಯಾರೂ ಬರುವುದಿಲ್ಲ’ ಎಂದು ಬರೆದಿತ್ತು. ಮೊದಲನೆಯದು ಮಗುವಿನ ಮನಸ್ಸಿನೊಳಗೆ ಕಾರಣ ಹುಡುಕುತ್ತದೆ, ಎರಡನೆಯದು ಸುತ್ತಲಿನ ವ್ಯವಸ್ಥೆಯಲ್ಲಿ. ಅಂದು ನಡೆದ ಕಲಿಕೆಯನ್ನು ಅಳೆಯಲು ನನಗೆ ಈ ಎರಡು ವಾಕ್ಯಗಳಿಗಿಂತ ಉತ್ತಮ ಪರೀಕ್ಷೆ ತೋಚಲಿಲ್ಲ.

ಮಾಡಬಹುದಾದ ಸಣ್ಣ ಬದಲಾವಣೆಗಳು

ಉತ್ತರಪತ್ರಿಕೆಯಲ್ಲಿ ಹೆಸರಿನ ಬದಲು ಸಂಖ್ಯೆ ಬರೆಸಿ ತಿದ್ದುವುದು. ವಿದ್ಯಾರ್ಥಿವೇತನ, ಶುಲ್ಕದ ವಿಷಯವನ್ನು ಮುಚ್ಚಿದ ಚೀಟಿಯಲ್ಲಿ ತಿಳಿಸುವುದು. ಗುಂಪುಗಳನ್ನು ನಾವೇ ಮಾಡಿ, ಎರಡು ವಾರಕ್ಕೊಮ್ಮೆ ಬದಲಿಸುವುದು. ಅಂಗಡಿಯಿಂದ ಸಾಮಗ್ರಿ ಕೊಳ್ಳಬೇಕಾದ ಪ್ರಾಜೆಕ್ಟ್‌ಗೆ ಹೆಚ್ಚು ಅಂಕ ಕೊಡದಿರುವುದು. ಪೋಷಕರ ಸಭೆಯನ್ನು ವರ್ಷಕ್ಕೆ ಎರಡು ಸಲವಾದರೂ ಸಂಜೆ ಇಡುವುದು. ಅಡ್ಡಹೆಸರು ಮೊದಲ ಸಲ ಕೇಳಿದ ದಿನವೇ, ದೂರು ಬರಲೆಂದು ಕಾಯದೆ, ನಿಲ್ಲಿಸುವುದು. ಹಾಜರಿ ಕರೆಯುವಾಗ ಪ್ರತಿ ಮಗುವಿನ ಹೆಸರನ್ನು ಅವರ ಮನೆಯಲ್ಲಿ ಕರೆಯುವಂತೆಯೇ ಉಚ್ಚರಿಸಲು ಕಲಿಯುವುದು. ಇವುಗಳಲ್ಲಿ ಯಾವುದಕ್ಕೂ ಅನುದಾನ ಬೇಕಿಲ್ಲ.

ಮಗುವಿನ ಮನೆಯ ಸಂಪತ್ತನ್ನು ಶಿಕ್ಷಕರು ಬದಲಿಸಲಾರರು. ಹುಟ್ಟನ್ನಂತೂ ಯಾರೂ ಬದಲಿಸಲಾಗದು, ಬದಲಿಸಬೇಕಾಗಿಯೂ ಇಲ್ಲ. ಆದರೆ ಇವೆರಡೂ ಒಂದನ್ನೊಂದು ಮುಟ್ಟಿ ಬಲಗೊಳ್ಳುವ ಜಾಗಗಳು ಶಾಲೆಯೊಳಗೇ ಹಲವಿವೆ: ಹಾಜರಿ ಪುಸ್ತಕ, ಬೆಂಚು, ಉತ್ತರಪತ್ರಿಕೆ, ಪೋಷಕರ ಸಭೆಯ ಗಂಟೆ. ಆ ಜಾಗಗಳು ನಮ್ಮ ಕೈಯಲ್ಲಿವೆ. ಮುಂದಿನ ಅಭ್ಯಾಸ ಬೋಧನಾ ಅವಧಿಗೆ ಹೊರಡುವ ಮಿತ್ರರು ತಮ್ಮ ಅವಲೋಕನ ಪುಸ್ತಕದಲ್ಲಿ ಒಂದು ಪುಟವನ್ನು ಇದಕ್ಕೆಂದೇ ಇಟ್ಟು, ತಾವು ಕಂಡ ಅಂಥ ಜಾಗಗಳನ್ನು ಬರೆದು ತರಬೇಕೆಂದು ಕೋರುತ್ತೇನೆ.